ಗೋಡೆಯಿಂದ ಶುರುವಾದ ಪಾಠ: ಮೈಕ್ರೋಬಯಾಲಜಿಗೆ ಟ್ಯೂಟರ್ ಹುಡುಕಿದ ಒಂದು ಪ್ರಕರಣ

ನರ್ಸಿಂಗ್ ಓದುತ್ತಿದ್ದ ಅಕ್ಕನ ಮಗಳು ಮೈಕ್ರೋಬಯಾಲಜಿಯಲ್ಲಿ ಫೇಲಾದಳು. ನೂರಕ್ಕೆ 38. ಉಳಿದೆಲ್ಲ ವಿಷಯಗಳಲ್ಲಿ ಪಾಸು. ಮರುಪರೀಕ್ಷೆಗೆ ಒಂಬತ್ತು ವಾರ ಇತ್ತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಒಳ್ಳೆ ಟ್ಯೂಟರ್ ಹುಡುಕಿ ಕೊಡು." ನಾನು ಕೆಲವು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದೆ. ಹಾಗಾಗಿ ಈ ಕೆಲಸ ನನ್ನ ತಲೆಗೇ ಬಂತು. ನೀವೇ ಹೇಳಿಕೊಡಬಹುದಿತ್ತಲ್ಲ ಅಂತ ಕೇಳಬೇಡಿ. ಒಂದು ಭಾನುವಾರ ಅದನ್ನೂ ಮಾಡಿ ನೋಡಿದೆವು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ಸಿಟ್ಟು ಬಂತು. ನಮ್ಮವರಿಗೇ ಪಾಠ ಹೇಳುವುದು ಬೇರೆಯದೇ ವಿದ್ಯೆ. ಅದು ನನಗೆ ಒಲಿದಿಲ್ಲ.

ಅವಳ ಹೆಸರು ಇಲ್ಲಿ ಬೇಡ. ಟ್ಯೂಟರ್‌ಗಳ ಹೆಸರೂ ಬೇಡ. ಮೊದಲನೆಯವರು, ಎರಡನೆಯವರು, ಮೂರನೆಯವರು ಅಂದರೆ ಸಾಕು.

ಆ 38 ಎಲ್ಲಿಂದ ಬಂತು

ಮೊದಲ ಎರಡು ದಿನ ನಾನು ಸುಮ್ನೆ ಹಾಳು ಮಾಡಿದೆ. ಪಿಎಚ್‌ಡಿ ಯಾರಿಗಿದೆ, ಎಷ್ಟು ವರ್ಷದ ಅನುಭವ, ಎಷ್ಟು ಸ್ಟಾರ್ ಬಿದ್ದಿವೆ ಅಂತ ಪಟ್ಟಿ ಮಾಡುತ್ತಾ ಕೂತೆ. ಹದಿನೆಂಟು ಹೆಸರಾಯಿತು. ಯಾರನ್ನು ಆರಿಸಬೇಕು ಅಂತ ನೋಡಿದರೆ ಹಿಡಿಯಲು ಒಂದು ಎಳೆಯೂ ಇಲ್ಲ. ಎಲ್ಲರೂ ಒಳ್ಳೆಯವರಂತೆಯೇ ಕಂಡರು. ಯಾವುದಕ್ಕೆ ಒಳ್ಳೆಯವರು ಅನ್ನುವುದು ಮಾತ್ರ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹುಡುಗಿಗೆ ಏನು ಬರುವುದಿಲ್ಲ ಅಂತ ನನಗೇ ಗೊತ್ತಿರಲಿಲ್ಲ. ಕೇಳಿದರೆ "ಏನೂ ಬರಲ್ಲ" ಅಂದಳು. ಅದು ನಿಜ ಇರಲಾರದು. ಏನೂ ಬಾರದವರಿಗೆ 38 ಬೀಳುವುದಿಲ್ಲ.

ಉತ್ತರ ಪತ್ರಿಕೆಯ ನಕಲು ತರಿಸಿಕೊಂಡೆವು. ಕಳೆದುಕೊಂಡ 62 ಅಂಕಗಳನ್ನು ಒಂದೊಂದಾಗಿ ಎಣಿಸಿ, ಯಾಕೆ ಹೋಯಿತು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದೆವು. ಇಡೀ ಸಂಜೆ ಹಿಡಿಯಿತು. ಅವಳಿಗೆ ಅದು ಹಿಂಸೆಯೇ, ಒಪ್ಪುತ್ತೇನೆ. ಕೊನೆಗೆ ಲೆಕ್ಕ ಹೀಗೆ ಬಂತು. ವಿಷಯವೇ ಗೊತ್ತಿಲ್ಲದೆ ಹೋದದ್ದು ಬರೀ 9 ಅಂಕ. ಒಂದನ್ನು ಇನ್ನೊಂದು ಅಂದುಕೊಂಡು ಹೋದದ್ದು 12. ಲೆಕ್ಕದ ಪ್ರಶ್ನೆಗಳಲ್ಲಿ 14. ಸಮಯ ಸಾಲದೆ ಬಿಟ್ಟದ್ದು 6. ಉಳಿದ 21 ಅಂಕ ಹೋದದ್ದು "ಯಾಕೆ?", "ಹೀಗೆ ಮಾಡಿದರೆ ಏನಾಗುತ್ತದೆ?" ಅನ್ನುವ ಪ್ರಶ್ನೆಗಳಲ್ಲಿ.

ಒಂದು ಪ್ರಶ್ನೆ ನನಗೆ ಇನ್ನೂ ನೆನಪಿದೆ. ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ಪಾಸಿಟಿವ್, ನೆಗೆಟಿವ್ ಅಂತ ಎರಡು ಗುಂಪು ಮಾಡುವ ವಿಧಾನ) ಮಾಡುವಾಗ ಅಯೋಡಿನ್ ಹಾಕಲು ಮರೆತರೆ ಏನಾಗುತ್ತದೆ? ಅವಳು ನಾಲ್ಕು ಹಂತಗಳನ್ನೂ ವರಸೆಯಾಗಿ, ತಪ್ಪಿಲ್ಲದೆ ಬರೆದಿದ್ದಳು. ಮೊದಲು ಕ್ರಿಸ್ಟಲ್ ವಯಲೆಟ್, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲ್, ಕೊನೆಗೆ ಸ್ಯಾಫ್ರನಿನ್. ಪಾಸಿಟಿವ್ ನೇರಳೆ, ನೆಗೆಟಿವ್ ಗುಲಾಬಿ. ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884 ರಲ್ಲಿ ಇದನ್ನು ಪ್ರಕಟಿಸಿದ ಅಂತ ಇಸವಿ ಸಮೇತ ಬರೆದಿದ್ದಳು. ಸಿಕ್ಕಿದ್ದು ಸೊನ್ನೆ. ಕೇಳಿದ್ದು ಅದಲ್ಲವಲ್ಲ. ಅಯೋಡಿನ್ ಬಣ್ಣದ ಜೊತೆ ಸೇರಿ ದೊಡ್ಡ ಗಂಟಾಗುತ್ತದೆ. ಆ ಗಂಟು ಪಾಸಿಟಿವ್ ಬ್ಯಾಕ್ಟೀರಿಯಾದ ದಪ್ಪ ಗೋಡೆಯೊಳಗೆ ಸಿಕ್ಕಿಬೀಳುತ್ತದೆ. ಅಯೋಡಿನ್ ಇಲ್ಲದಿದ್ದರೆ ಗಂಟೇ ಇಲ್ಲ. ಆಲ್ಕೋಹಾಲ್ ಬಿದ್ದಾಗ ಬಣ್ಣವೆಲ್ಲ ತೊಳೆದುಹೋಗಿ, ನೇರಳೆ ಕಾಣಬೇಕಾದ ಬ್ಯಾಕ್ಟೀರಿಯಾವೂ ಗುಲಾಬಿ ಕಾಣುತ್ತದೆ. ಇದಿಷ್ಟೇ ಉತ್ತರ. ಬೇಕಾದ ಸಾಮಾನೆಲ್ಲ ಅವಳ ಹತ್ತಿರ ಇತ್ತು. ಜೋಡಿಸುವುದು ಮಾತ್ರ ಗೊತ್ತಿರಲಿಲ್ಲ.

ಅವಳ ಬಳಿ ನಾನೂರಕ್ಕೂ ಹೆಚ್ಚು ಚೀಟಿಗಳಿದ್ದವು. ಒಂದು ಬದಿ ಬ್ಯಾಕ್ಟೀರಿಯಾದ ಹೆಸರು, ಇನ್ನೊಂದು ಬದಿ ಗುಣಗಳು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅಂದರೆ ಗ್ರಾಂ ಪಾಸಿಟಿವ್, ದ್ರಾಕ್ಷಿಗೊಂಚಲಿನಂತೆ ಗುಂಪು, ಕ್ಯಾಟಲೇಸ್ ಪಾಸಿಟಿವ್, ಕೊಯಾಗ್ಯುಲೇಸ್ ಪಾಸಿಟಿವ್. ಕಣ್ಣು ಮುಚ್ಚಿ ಹೇಳುತ್ತಿದ್ದಳು. ಕೊಯಾಗ್ಯುಲೇಸ್ ಪಾಸಿಟಿವ್ ಅಂದರೆ ಏನು ಅಂತ ಕೇಳಿದರೆ ಚೀಟಿಯನ್ನೇ ಮತ್ತೆ ಓದುತ್ತಿದ್ದಳು.

ಆ ಸಂಜೆ ನನ್ನ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟೆ. ಇವಳಿಗೆ ಇನ್ನಷ್ಟು ವಿಷಯ ತುಂಬುವವರು ಬೇಕಿರಲಿಲ್ಲ. "ಯಾಕೆ ಹೀಗೆ ಬರೆದೆ?" ಅಂತ ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರುವವರು ಬೇಕಿತ್ತು. ಅಂಥವರು ಯಾವ ಪಟ್ಟಿಯಲ್ಲೂ ಹಾಗಂತ ಬರೆದುಕೊಂಡಿರುವುದಿಲ್ಲ.

ಹನ್ನೊಂದು ಸಂದೇಶ

ಎಲ್ಲರಿಗೂ ಒಂದೇ ಸಂದೇಶ ಕಳಿಸಿದೆವು. ಅದರಲ್ಲಿ ನಾಲ್ಕು ವಿಷಯ ಇತ್ತು. ನರ್ಸಿಂಗ್ ಕೋರ್ಸಿನ ಸಿಲೆಬಸ್. ಒಂಬತ್ತು ವಾರ. ವಾರಕ್ಕೆ ಎರಡು ಸಲ. ಜೊತೆಗೆ ಅವಳೇ ಬರೆದ ಎರಡು ತಪ್ಪು ಉತ್ತರಗಳ ಫೋಟೋ, ಹೆಸರು ಮತ್ತು ನೋಂದಣಿ ಸಂಖ್ಯೆ ಮುಚ್ಚಿ. ಕೊನೆಗೆ ಒಂದು ಪ್ರಶ್ನೆ: "ಇದನ್ನು ನೋಡಿದರೆ ನೀವು ಎಲ್ಲಿಂದ ಶುರು ಮಾಡುತ್ತೀರಿ?"

ನರ್ಸಿಂಗ್ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಿದ್ದಕ್ಕೆ ಕಾರಣ ಇದೆ. ಮೈಕ್ರೋಬಯಾಲಜಿ ಅನ್ನುವ ಒಂದೇ ಹೆಸರಿನಡಿ ನಾಲ್ಕೈದು ಬೇರೆ ಬೇರೆ ವಿಷಯಗಳಿವೆ. ಮೈಕ್ರೋಬಯಾಲಜಿಯನ್ನೇ ಪದವಿಗೆ ಓದುವವರಿಗೆ ಬ್ಯಾಕ್ಟೀರಿಯಾದ ಜೀನುಗಳು, ಕಿಣ್ವಗಳು, ಶಕ್ತಿಯ ಲೆಕ್ಕಾಚಾರ ಮುಖ್ಯ. ಆಹಾರ ತಂತ್ರಜ್ಞಾನದವರಿಗೆ ಹುದುಗುವಿಕೆ ಮತ್ತು ಕೆಡುವಿಕೆ. ನರ್ಸಿಂಗ್‌ನವರಿಗೆ ಸೋಂಕು ಹೇಗೆ ಹರಡುತ್ತದೆ, ಯಾವುದನ್ನು ಯಾವುದರಿಂದ ಕೊಲ್ಲಬಹುದು, ಮಾದರಿ ತೆಗೆಯುವುದು ಹೇಗೆ, ಲಸಿಕೆ ಹೇಗೆ ಕೆಲಸ ಮಾಡುತ್ತದೆ, ಇವೇ ಜಾಸ್ತಿ. ಲ್ಯಾಕ್ ಒಪೆರಾನ್ (ಬ್ಯಾಕ್ಟೀರಿಯಾದ ಜೀನುಗಳ ಒಂದು ಗುಂಪು) ಮೇಲೆ ಮೂರು ವಾರ ಕಳೆಯುವ ಟ್ಯೂಟರ್ ಎಷ್ಟೇ ದೊಡ್ಡವರಾಗಿರಲಿ, ಇವಳಿಗೆ ಉಪಯೋಗವಿಲ್ಲ.

ಸಂದೇಶ ಹೋದದ್ದು ಹನ್ನೊಂದು ಜನಕ್ಕೆ. ಕೆಲವರು ಟ್ಯೂಟರ್ ಸೈಟುಗಳಿಂದ, ಕೆಲವರು ಹಿರಿಯ ವಿದ್ಯಾರ್ಥಿಗಳು ಹೇಳಿದವರು. ಏಳು ಜನ ಉತ್ತರಿಸಿದರು. ಒಬ್ಬರು ಪಾಸು ಗ್ಯಾರಂಟಿ ಅಂದರು. ಪರೀಕ್ಷೆ ಬರೆಯುವವಳು ಇವಳು, ಗ್ಯಾರಂಟಿ ಕೊಡುವವರು ಅವರು! ಇನ್ನೊಬ್ಬರು ಅಸೈನ್‌ಮೆಂಟ್‌ಗಳನ್ನೂ ತಾವೇ ಬರೆದುಕೊಡುವುದಾಗಿ ಮೆಲ್ಲಗೆ ಸೇರಿಸಿದರು. ಅಲ್ಲಿಗೆ ಮಾತು ಮುಗಿಸಿದೆವು. ಅದು ಮೋಸ ಅನ್ನುವುದು ಒಂದು ಕಡೆ. ಸಿಕ್ಕಿಬಿದ್ದರೆ ಕೋರ್ಸಿನಿಂದಲೇ ಹೊರಗೆ ಹೋಗಬೇಕಾಗುವುದು ಇವಳು, ಅವರಲ್ಲ. ಇಬ್ಬರು "ಎಲ್ಲ ಕವರ್ ಮಾಡುತ್ತೇನೆ" ಅಂತ ಒಂದು ಸಾಲು ಬರೆದರು. ಫೋಟೋ ತೆರೆದೂ ನೋಡಿರಲಿಲ್ಲ ಅಂತ ಕಾಣುತ್ತದೆ. ಉಳಿದ ಮೂವರ ಜೊತೆ ಒಂದೊಂದು ಟ್ರಯಲ್ ಕ್ಲಾಸ್ ಇಟ್ಟುಕೊಂಡೆವು. ಅದಕ್ಕೆ ಪೂರ್ತಿ ಫೀಸು ಕೊಟ್ಟೆವು. ಪುಕ್ಕಟೆ ಟ್ರಯಲ್‌ನಲ್ಲಿ ಟ್ಯೂಟರ್ ತನ್ನನ್ನು ಮಾರಿಕೊಳ್ಳುವುದರಲ್ಲೇ ಇರುತ್ತಾರೆ. ದುಡ್ಡು ಕೊಟ್ಟರೆ ಪಾಠ ಮಾಡುತ್ತಾರೆ. ಇದು ನನ್ನ ಅಂದಾಜು, ತಪ್ಪಿರಬಹುದು.

ಮೂರು ಟ್ರಯಲ್, ಒಂದೇ ಪ್ರಶ್ನೆ

ಮೂವರಿಗೂ ಒಂದೇ ಪ್ರಶ್ನೆ ಕೊಟ್ಟೆವು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಭೇದಿ ತರುವ ಒಂದು ಬ್ಯಾಕ್ಟೀರಿಯಾ) ಸೋಂಕಿನ ರೋಗಿಯನ್ನು ಮುಟ್ಟಿದ ಮೇಲೆ ಆಲ್ಕೋಹಾಲ್ ಹ್ಯಾಂಡ್ ರಬ್ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಯಾಕೆ? ನರ್ಸ್ ಆಗುವವಳಿಗೆ ದಿನಾ ಬೇಕಾಗುವ ವಿಷಯ. ಅವಳ ಮೊದಲ ಉತ್ತರ ಪತ್ರಿಕೆಯಲ್ಲಿ ಇದಕ್ಕೆ "ಸೋಪು ಹೆಚ್ಚು ಶಕ್ತಿಶಾಲಿ" ಅಂತ ಬರೆದಿದ್ದಳು.

ಎಲ್ಲರ ಒಪ್ಪಿಗೆ ಪಡೆದು ನಾನೂ ಕೇಳಿಸಿಕೊಳ್ಳುತ್ತಾ ಕೂತೆ. ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಗಡಿಯಾರ ನೋಡಿ ಗುರುತು ಹಾಕಿಕೊಂಡೆ.

ಮೊದಲನೆಯವರು ಸಂಶೋಧಕರು, ಪಿಎಚ್‌ಡಿ ಆದವರು. ಎಂಥ ವಿವರಣೆ ಅಂತೀರಿ! ಸ್ಪೋರ್ (ಈ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ಗಟ್ಟಿ ಕವಚದ ರೂಪ) ಹೇಗೆ ಆಗುತ್ತದೆ, ಅದರ ಪದರಗಳು, ಒಳಗಿನ ನೀರಿನ ಕೊರತೆ, ಆಲ್ಕೋಹಾಲ್ ಪ್ರೋಟೀನನ್ನು ಕೆಡಿಸುವ ಬಗೆ, ಅದು ಸ್ಪೋರ್‌ನ ಹತ್ತಿರ ಯಾಕೆ ನಡೆಯುವುದಿಲ್ಲ. ಸೋಪು ಕೊಲ್ಲುವುದಿಲ್ಲ, ಚರ್ಮದಿಂದ ಬಿಡಿಸಿ ನೀರಿನ ಜೊತೆ ಕೊಚ್ಚಿಕೊಂಡು ಹೋಗುವಂತೆ ಮಾಡುತ್ತದೆ ಅಷ್ಟೇ. ನಾನೇ ಮೈಮರೆತು ಕೇಳುತ್ತಾ ಕೂತುಬಿಟ್ಟೆ. ನಲವತ್ತು ನಿಮಿಷದಲ್ಲಿ ಹುಡುಗಿ ಮಾತಾಡಿದ್ದು ನಾಲ್ಕು ನಿಮಿಷ. ಅದರಲ್ಲೂ ಅರ್ಧ "ಹೌದು ಸರ್".

ಎರಡನೆಯವರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅನುಭವಸ್ಥರು. ಪ್ರಶ್ನೆ ಕೇಳಿದ ತಕ್ಷಣ ತಮ್ಮ ನೋಟ್ಸಿನ ಪುಟ ಕಳಿಸಿ, ಇದನ್ನು ಓದಿಕೋ ಅಂದರು. ಇಪ್ಪತ್ತು ಕ್ಲಾಸಿನ ಫೀಸು ಮುಂಗಡ, ನಡುವೆ ಬಿಟ್ಟರೆ ವಾಪಸ್ ಇಲ್ಲ ಅಂದರು. ಬೇಡ ಅಂದೆವು.

ಮೂರನೆಯವರು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವ ಹೆಂಗಸು. ಸ್ನಾತಕೋತ್ತರ ಪದವಿ ಇತ್ತು. ದಿನಾ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟುಗಳನ್ನು ಓದುವುದೇ ಕೆಲಸ. ಅವರು ಪ್ರಶ್ನೆ ಓದಿ, "ಸೋಪು ಶಕ್ತಿಶಾಲಿ ಅಂತ ಬರೆದಿದ್ದೀಯಲ್ಲ, ಯಾವ ಅರ್ಥದಲ್ಲಿ?" ಅಂತ ಕೇಳಿದರು. ಆಮೇಲೆ ಮೌನ. ನನ್ನ ಗಡಿಯಾರದಲ್ಲಿ ಅದು ನಲವತ್ತು ಸೆಕೆಂಡು. ಕೇಳಿಸಿಕೊಳ್ಳುವವರಿಗೆ ಅದು ನಾಲ್ಕು ನಿಮಿಷದಂತೆ ಇರುತ್ತದೆ. ನಡುವೆ ಬಾಯಿ ಹಾಕಲು ನಾನು ಎರಡು ಸಲ ಹೊರಟಿದ್ದೆ. ಕೊನೆಗೆ ಅವಳು "ಕೊಲ್ಲುತ್ತೆ" ಅಂದಳು. "ಆಲ್ಕೋಹಾಲ್‌ಗಿಂತ ಚೆನ್ನಾಗಿ ಸೋಪು ಕೊಲ್ಲುತ್ತಾ? ಹಾಗಿದ್ದರೆ ಇಂಜೆಕ್ಷನ್ ಮೊದಲು ಚರ್ಮಕ್ಕೆ ಆಲ್ಕೋಹಾಲ್ ಯಾಕೆ ಒರೆಸುತ್ತೀರಿ?" ಮತ್ತೆ ಮೌನ. ಹೀಗೇ ಸಾಗಿತು. ಕ್ಲಾಸ್ ಮುಗಿಯುವಾಗ ಪ್ರಶ್ನೆಯ ಮುಕ್ಕಾಲು ಭಾಗ ಮಾತ್ರ ಆಗಿತ್ತು. ಹೊರಡುವ ಮೊದಲು ಅವರು ಒಂದು ಮಾತು ಹೇಳಿದರು: ಇಮ್ಯುನಾಲಜಿಯಲ್ಲಿ (ದೇಹದ ರೋಗನಿರೋಧಕ ಶಕ್ತಿಯ ಪಾಠ) ನಾನು ಅಷ್ಟು ಗಟ್ಟಿಯಿಲ್ಲ, ಅದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ನನಗೆ ಅಲ್ಲೇ ತೀರ್ಮಾನವಾಗಿತ್ತು. ಹುಡುಗಿಗೂ ತೀರ್ಮಾನವಾಗಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಮೊದಲನೆಯವರು. "ಅವರ ಕ್ಲಾಸಲ್ಲಿ ಎಲ್ಲಾ ಅರ್ಥ ಆಯ್ತು. ಇವರ ಕ್ಲಾಸಲ್ಲಿ ದಡ್ಡಿ ಅನ್ನಿಸ್ತು."

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಂಬತ್ತು ವಾರ ದಡ್ಡಿ ಅನ್ನಿಸಿಕೊಂಡು ಯಾರೂ ಓದುವುದಿಲ್ಲ. ವಾದ ಮಾಡಲಿಲ್ಲ. ಮೂರು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಬಟ್ಟೆ ಬದಲಿಸಿ ಕೇಳಿದೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಆಲ್ಕೋಹಾಲ್‌ನಲ್ಲಿ ಅದ್ದಿಟ್ಟರೆ ಸಾಲದು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಸಾಯಿಸುವ ಯಂತ್ರ) ಬೇಕು. ಯಾಕೆ? ಅವಳು ಶುರು ಮಾಡಿದ್ದೇ ಮೂರನೆಯವರ ದಾರಿಯಲ್ಲಿ. ಆಲ್ಕೋಹಾಲ್ ಯಾವುದನ್ನು ಕೊಲ್ಲುತ್ತದೆ, ಯಾವುದನ್ನು ಕೊಲ್ಲುವುದಿಲ್ಲ ಅಂತ ತನಗೇ ಕೇಳಿಕೊಂಡಳು. ಸ್ಪೋರ್‌ಗೆ ಬಂದು ನಿಂತಳು. 121 ಡಿಗ್ರಿ ಸೆಲ್ಸಿಯಸ್‌ನ ಹಬೆ, ಹದಿನೈದು ನಿಮಿಷ, ಅದಕ್ಕೆ ಸ್ಪೋರ್ ಕೂಡ ಉಳಿಯುವುದಿಲ್ಲ ಅಂತ ಮುಗಿಸಿದಳು. "ಪದರಗಳ ಹೆಸರು ಹೇಳು" ಅಂದೆ. ಮೊದಲನೆಯವರು ಹದಿನೈದು ನಿಮಿಷ ಹೇಳಿದ್ದ ಪದರಗಳಲ್ಲಿ ಒಂದೂ ನೆನಪಿರಲಿಲ್ಲ. ಇಬ್ಬರೂ ಸುಮ್ಮನಾದೆವು. ಆಮೇಲೆ ಅವಳೇ, "ಸರಿ, ಮೂರನೆಯವರನ್ನೇ ಕೇಳು" ಅಂದಳು.

ಇಲ್ಲೊಂದು ಮಾತು. ಒಬ್ಬರಿಗೆ ಒಬ್ಬರು ಪಾಠ ಹೇಳುವುದರ ಬಗ್ಗೆ ತುಂಬಾ ದೊಡ್ಡ ಮಾತುಗಳು ಓಡಾಡುತ್ತಿರುತ್ತವೆ. 1984 ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನುವ ಶಿಕ್ಷಣ ತಜ್ಞ, ಟ್ಯೂಟರ್ ಇದ್ದ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ನೂರರಲ್ಲಿ 98 ಜನರನ್ನು ಮೀರಿಸಿದ ಅಂತ ಬರೆದ. ಆ ಅಂಕಿ ಇವತ್ತಿಗೂ ಟ್ಯೂಷನ್ ಜಾಹೀರಾತುಗಳಲ್ಲಿ ಕಾಣುತ್ತದೆ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಇದೆ, ಆದರೆ ಅಷ್ಟು ದೊಡ್ಡದಲ್ಲ ಅಂತ ಕಂಡಿದೆ. ಬ್ಲೂಮ್‌ನ ಪ್ರಯೋಗದಲ್ಲಿ ಒಂದು ಪಾಠ ಗಟ್ಟಿಯಾಗದೆ ಮುಂದಿನದಕ್ಕೆ ಹೋಗುವ ಹಾಗಿರಲಿಲ್ಲ ಅನ್ನುವುದನ್ನು ಜಾಹೀರಾತಿನವರು ಹೇಳುವುದಿಲ್ಲ. ನಮ್ಮ ಮೊದಲನೆಯವರ ಹತ್ತಿರ ಇಲ್ಲದೇ ಇದ್ದದ್ದು ಅದೇ.

ಎರಡು ವಾರ ಬರೀ ಗೋಡೆ

ಮೊದಲ ಎರಡು ವಾರ, ನಾಲ್ಕು ಕ್ಲಾಸು, ಅವರು ಒಂದೇ ಚಿತ್ರ ಬಿಡಿಸಿಸಿದರು. ಬ್ಯಾಕ್ಟೀರಿಯಾದ ಗೋಡೆ. ಎಡಗಡೆ ಗ್ರಾಂ ಪಾಸಿಟಿವ್: ದಪ್ಪನೆಯ ಪೆಪ್ಟಿಡೋಗ್ಲೈಕನ್ (ಗೋಡೆಯ ಬಲೆಯಂಥ ವಸ್ತು), ಕೆಳಗೆ ಒಳಪೊರೆ. ಬಲಗಡೆ ಗ್ರಾಂ ನೆಗೆಟಿವ್: ತೆಳು ಪೆಪ್ಟಿಡೋಗ್ಲೈಕನ್, ಅದರ ಮೇಲೆ ಇನ್ನೊಂದು ಹೊರಪೊರೆ. ನೋಡದೆ ಬಿಡಿಸಬೇಕು. ತಪ್ಪಾದರೆ ಮತ್ತೆ ಬಿಡಿಸಬೇಕು. ಅಕ್ಕ ಫೋನ್ ಮಾಡಿ, "ಏನಿದು, ಎರಡು ವಾರ ಆಯಿತು, ಇನ್ನೂ ಮೊದಲ ಅಧ್ಯಾಯ" ಅಂದಳು. ನನಗೂ ಒಳಗೊಳಗೆ ಭಯವೇ.

ಐದನೇ ಕ್ಲಾಸಿನಲ್ಲಿ ಆ ಚಿತ್ರದ ಬೆಲೆ ಗೊತ್ತಾಯಿತು. ಟ್ಯೂಟರ್ ಒಂದರ ಹಿಂದೆ ಒಂದು ಪ್ರಶ್ನೆ ಹಾಕುತ್ತಾ ಹೋದರು. ಎಲ್ಲದಕ್ಕೂ ಉತ್ತರ ಅದೇ ಚಿತ್ರದಲ್ಲಿತ್ತು.

ಆಲ್ಕೋಹಾಲ್ ಹಾಕಿದಾಗ ನೆಗೆಟಿವ್‌ನ ಬಣ್ಣ ಯಾಕೆ ಹೋಗುತ್ತದೆ? ಹೊರಪೊರೆ ಕೊಬ್ಬಿನದು, ಕರಗುತ್ತದೆ, ಉಳಿದ ತೆಳು ಪದರ ಬಣ್ಣ ಹಿಡಿಯಲಾರದು. ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಮ್ಮ ಜೀವಕೋಶಕ್ಕೆ ಯಾಕೆ ಏನೂ ಮಾಡುವುದಿಲ್ಲ? ಪೆನಿಸಿಲಿನ್ ತಡೆಯುವುದು ಪೆಪ್ಟಿಡೋಗ್ಲೈಕನ್‌ನ ಹೆಣಿಗೆಯನ್ನು. ನಮಗೆ ಆ ಗೋಡೆಯೇ ಇಲ್ಲ. ಹಾಗಾದರೆ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗೆ ಪೆನಿಸಿಲಿನ್ ಕೊಟ್ಟರೆ? ಅದಕ್ಕೂ ಗೋಡೆ ಇಲ್ಲ, ಕೊಟ್ಟು ಉಪಯೋಗವಿಲ್ಲ. ಈ ಉತ್ತರ ಅವಳೇ ಹೇಳಿದಳು, ಚೀಟಿಯಿಂದಲ್ಲ. ಕಣ್ಣೀರಿನಲ್ಲಿರುವ ಲೈಸೊಜೈಮ್ ಅನ್ನುವ ಕಿಣ್ವ ಯಾರ ಮೇಲೆ ಜಾಸ್ತಿ ಕೆಲಸ ಮಾಡಬೇಕು? ಅದು ಕತ್ತರಿಸುವುದೂ ಪೆಪ್ಟಿಡೋಗ್ಲೈಕನನ್ನೇ. ಅಂದರೆ ಅದು ಬಯಲಿಗೇ ಇರುವ ಪಾಸಿಟಿವ್‌ಗಳ ಮೇಲೆ. ನೆಗೆಟಿವ್ ಬ್ಯಾಕ್ಟೀರಿಯಾ ರಕ್ತದಲ್ಲಿ ಸತ್ತಾಗಲೂ ರೋಗಿಗೆ ಜ್ವರ ಏರಿ, ರಕ್ತದೊತ್ತಡ ಯಾಕೆ ಕುಸಿಯಬಹುದು? ಹೊರಪೊರೆಯ ಲಿಪೊಪಾಲಿಸ್ಯಾಕರೈಡ್‌ನಲ್ಲಿರುವ ವಿಷದ ಭಾಗ ಬಿಡುಗಡೆಯಾಗುತ್ತದೆ. ಮ್ಯಾಕಾಂಕಿ ಅಗರ್‌ನಲ್ಲಿ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಒಂದು ಮಾಧ್ಯಮ) ಪಾಸಿಟಿವ್‌ಗಳು ಯಾಕೆ ಬೆಳೆಯುವುದಿಲ್ಲ? ಅದರಲ್ಲಿ ಪಿತ್ತದ ಲವಣ ಮತ್ತು ಕ್ರಿಸ್ಟಲ್ ವಯಲೆಟ್ ಇವೆ. ನೆಗೆಟಿವ್‌ಗಳಿಗೆ ಹೊರಪೊರೆಯ ರಕ್ಷಣೆ ಇದೆ, ಪಾಸಿಟಿವ್‌ಗಳಿಗೆ ಇಲ್ಲ.

ಬಣ್ಣ ಹಾಕುವುದು, ಔಷಧಿ, ದೇಹದ ರಕ್ಷಣೆ, ಸೆಪ್ಸಿಸ್ (ಸೋಂಕಿಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸುವುದು), ಲ್ಯಾಬಿನ ಮಾಧ್ಯಮ. ಸಿಲೆಬಸ್ಸಿನ ಐದು ಅಧ್ಯಾಯ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಚೀಟಿಗಳಲ್ಲಿ ಇವು ನಲವತ್ತು ಬೇರೆ ಬೇರೆ ಸಾಲುಗಳು. ಅವಳು ಅವತ್ತು ರಾತ್ರಿ ನನಗೆ ಆ ಚಿತ್ರದ ಫೋಟೋ ಕಳಿಸಿದಳು. ಸುತ್ತ ಬಾಣಗಳು, ಒಂದೊಂದು ಬಾಣದ ತುದಿಗೆ ಒಂದೊಂದು ಅಧ್ಯಾಯದ ಹೆಸರು. ಕೆಳಗೆ ಬರೆದಿದ್ದಳು: "ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಕ್ಲಾಸಿನಲ್ಲಿ ಹೇಳಿಯೇ ಇರುತ್ತಾರೆ. ಹೇಳುವುದಕ್ಕೂ ಬಿಡಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಹದಿನಾಲ್ಕು ದಿನದ ಬ್ಯಾಕ್ಟೀರಿಯಾ

ಲೆಕ್ಕದ 14 ಅಂಕಗಳಿಗೆ ಬಂದಾಗ ನಾನು ಅಂದುಕೊಂಡದ್ದು ಇವಳಿಗೆ ಗಣಿತ ಬರುವುದಿಲ್ಲ ಅಂತ. ಹಾಗಲ್ಲ ಅಂತ ಟ್ಯೂಟರ್ ಒಂದೇ ಕ್ಲಾಸಿನಲ್ಲಿ ತೋರಿಸಿದರು.

ಪರೀಕ್ಷೆಯ ಪ್ರಶ್ನೆ ಇದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಇ. ಕೊಲೈ ಸಾವಿರದಿಂದ ಹತ್ತು ಲಕ್ಷ ಆಗಲು ಎಷ್ಟು ಹೊತ್ತು ಬೇಕು? ಅವಳು ಬರೆದದ್ದು: ಸಾವಿರ ಪಟ್ಟು, ಅಂದರೆ ಸಾವಿರ ಇಪ್ಪತ್ತಲೆ ಇಪ್ಪತ್ತು ಸಾವಿರ ನಿಮಿಷ. ಅದು ಸುಮಾರು ಹದಿನಾಲ್ಕು ದಿನ! ಟ್ಯೂಟರ್ ತಿದ್ದಲಿಲ್ಲ. "ಬೆಳಿಗ್ಗೆ ಬೇಯಿಸಿದ ಊಟ ಸಂಜೆಗೆ ಕೆಡುತ್ತಲ್ಲ, ನಿನ್ನ ಲೆಕ್ಕದ ಪ್ರಕಾರ ಅದು ಕೆಡೋದು ಯಾವಾಗ?" ಅಂತ ಕೇಳಿದರು. ನಗು ಬಂತು. ಆಮೇಲೆ ಬೆರಳು ಮಡಚುತ್ತಾ ಎಣಿಸಿದಳು. ಎರಡು, ನಾಲ್ಕು, ಎಂಟು, ಹದಿನಾರು. ಹತ್ತನೇ ಸಲಕ್ಕೆ 1024. ಹತ್ತು ಸಲ ಇಬ್ಭಾಗ, ಇನ್ನೂರು ನಿಮಿಷ, ಮೂರು ಗಂಟೆ ಇಪ್ಪತ್ತು ನಿಮಿಷ. ಗಣಿತ ಬರುತ್ತಿತ್ತು. ಬ್ಯಾಕ್ಟೀರಿಯಾ ಸಾಲಾಗಿ ನಿಂತು ಒಂದೊಂದಾಗಿ ಹುಟ್ಟುತ್ತವೆ ಅಂತ ಅವಳ ಮನಸ್ಸಿನ ಚಿತ್ರ ಇತ್ತು. ಅದು ತಪ್ಪಿತ್ತು.

ಡೈಲ್ಯೂಷನ್, ಅಂದರೆ ಮಾದರಿಯನ್ನು ತೆಳು ಮಾಡಿ ಎಣಿಸುವ ಲೆಕ್ಕದಲ್ಲೂ ಹೀಗೇ. ಒಂದು ಮಿಲಿ ಮಾದರಿಯನ್ನು ಒಂಬತ್ತು ಮಿಲಿ ನೀರಿಗೆ ಹಾಕಬೇಕು. ಅದರಿಂದ ಒಂದು ಮಿಲಿ ಮುಂದಿನ ನಳಿಕೆಗೆ. ಹೀಗೆ ಐದು ನಳಿಕೆ. ಐದನೆಯದರಿಂದ 0.1 ಮಿಲಿ ಪ್ಲೇಟಿಗೆ ಹರಡಿದರೆ 84 ಕಾಲೊನಿ (ಒಂದೊಂದು ಜೀವಿಯಿಂದ ಬೆಳೆದ ಚುಕ್ಕೆ) ಬಂದವು. ಮೂಲ ಮಾದರಿಯ ಒಂದು ಮಿಲಿಯಲ್ಲಿ ಎಷ್ಟು? ಅವಳ ಉತ್ತರ 84 ಲಕ್ಷ. ಸರಿ ಉತ್ತರ 8 ಕೋಟಿ 40 ಲಕ್ಷ. ಐದು ನಳಿಕೆಗಳ ಲೆಕ್ಕ ಸರಿ ಇತ್ತು. ಪ್ಲೇಟಿಗೆ ಹಾಕಿದ್ದು ಪೂರ್ತಿ ಮಿಲಿ ಅಲ್ಲ, ಅದರ ಹತ್ತನೇ ಒಂದು ಭಾಗ ಅನ್ನುವುದನ್ನು ಪ್ರತಿ ಸಲವೂ ಬಿಡುತ್ತಿದ್ದಳು. ಟ್ಯೂಟರ್ ಮನೆಯಲ್ಲೇ ಶಾಯಿ ಬೆರೆಸಿದ ನೀರು ಮತ್ತು ಐದು ಲೋಟ ಇಟ್ಟುಕೊಂಡು ಮಾಡಿಸಿದರು. ಒಂದು ಚಮಚ, ಒಂಬತ್ತು ಚಮಚ. ಬಣ್ಣ ಲೋಟದಿಂದ ಲೋಟಕ್ಕೆ ತೆಳುವಾಗುವುದನ್ನು ನೋಡಿದ ಮೇಲೆ ಕೊನೆಯ ಆ ಹನಿಯೂ ಲೆಕ್ಕಕ್ಕೆ ಬಂತು.

ಶಾಯಿಯಿಂದ ಹುರುಪು ಬಂದು, ಅಡುಗೆಮನೆಯ ಸ್ಪಂಜಿನಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡೋಣ ಅಂದಳು. ಟ್ಯೂಟರ್ ಖಡಾಖಂಡಿತ ಬೇಡ ಅಂದರು. ಸ್ಪಂಜಿನಲ್ಲಿ ಯಾವುದಿದೆ ಅಂತ ಯಾರಿಗೆ ಗೊತ್ತು? ಕೆಲವೇ ಇದ್ದಾಗ ಏನೂ ಮಾಡದ ಜೀವಿ ಪ್ಲೇಟಿನಲ್ಲಿ ಕೋಟಿಗಟ್ಟಲೆ ಆಗುತ್ತದೆ. ಮುಗಿದ ಮೇಲೆ ಅದನ್ನು ಸಾಯಿಸಲು ಮನೆಯಲ್ಲಿ ಆಟೋಕ್ಲೇವ್ ಇಲ್ಲ. ಟ್ಯೂಟರ್ ಆರಿಸುವಾಗ ನಾನು ಈ ವಿಷಯ ಕೇಳಿರಲಿಲ್ಲ. ಕೇಳಬೇಕಿತ್ತು.

ಕೈಕೊಟ್ಟ ಸಂಗತಿಗಳು

ಇಷ್ಟು ಓದಿ ಎಲ್ಲ ಸಲೀಸಾಗಿ ಹೋಯಿತು ಅಂದುಕೊಳ್ಳಬೇಡಿ. ಐದನೇ ವಾರ ಟ್ಯೂಟರ್‌ಗೆ ರಾತ್ರಿ ಪಾಳಿ ಬಿತ್ತು. ಎರಡು ಕ್ಲಾಸು ಕೊನೇ ಗಳಿಗೆಯಲ್ಲಿ ರದ್ದಾದವು. ರದ್ದು ಮಾಡುವುದಿದ್ದರೆ ಎರಡೂ ಕಡೆಯವರು ಒಂದು ದಿನ ಮೊದಲೇ ಹೇಳಬೇಕು ಅಂತ ಆಮೇಲೆ ಮಾತಾಡಿಕೊಂಡೆವು. ಶುರುವಿನಲ್ಲೇ ಮಾತಾಡಿದ್ದರೆ ಆ ವಾರ ಉಳಿಯುತ್ತಿತ್ತು.

ಕ್ಲಾಸುಗಳನ್ನು ರೆಕಾರ್ಡ್ ಮಾಡುವ ಐಡಿಯಾ ನನ್ನದು. ಅದು ಕೆಟ್ಟ ಐಡಿಯಾ. ರೆಕಾರ್ಡಿಂಗ್ ಇದೆಯಲ್ಲ ಅಂತ ಅವಳು ಕ್ಲಾಸಿನಲ್ಲಿ ಸಡಿಲ ಬಿಟ್ಟಳು. ಆಮೇಲೆ ಅದನ್ನು ಕೇಳಿದ್ದು ಒಂದೇ ಒಂದು ಸಲ. ನಾಲ್ಕನೇ ವಾರಕ್ಕೆ ನಿಲ್ಲಿಸಿದೆವು. ಅದರ ಬದಲು, ಕ್ಲಾಸ್ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ನೆನಪಿನಿಂದ ಅರ್ಧ ಪುಟ ಬರೆದು ಟ್ಯೂಟರ್‌ಗೆ ಕಳಿಸಬೇಕು. ಮುಂದಿನ ಕ್ಲಾಸು ಶುರುವಾಗುತ್ತಿದ್ದದ್ದು ಆ ಅರ್ಧ ಪುಟದ ತಪ್ಪುಗಳಿಂದ.

ನನ್ನ ಇನ್ನೊಂದು ತಪ್ಪು, ಟ್ರಯಲ್ ಮುಗಿದ ಮೇಲೂ ಮೂರು ಕ್ಲಾಸು ನಾನು ಕೂತು ಕೇಳಿದ್ದು. ನಾನಿದ್ದರೆ ಅವಳು ತಪ್ಪು ಉತ್ತರ ಹೇಳಲು ಹೆದರುತ್ತಿದ್ದಳು. ಈ ಟ್ಯೂಟರ್‌ಗೆ ಬೇಕಾಗಿದ್ದದ್ದೇ ತಪ್ಪು ಉತ್ತರ. ಅವರೇ ಮೆಲ್ಲಗೆ ನನ್ನನ್ನು ಹೊರಗೆ ಕಳಿಸಿದರು.

ಇಮ್ಯುನಾಲಜಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಸಿಕ್ಕ. ಮೂರೇ ಕ್ಲಾಸು. ಸೋಂಕಾದಾಗ ದೇಹ ಮಾಡುವ ಪ್ರತಿಕಾಯಗಳಲ್ಲಿ ಮೊದಲು ಐಜಿಎಂ, ಆಮೇಲೆ ಐಜಿಜಿ. ಗರ್ಭದಲ್ಲಿರುವ ಮಗುವಿಗೆ ದಾಟುವುದು ಐಜಿಜಿ. ತಾಯಿಯ ಹಾಲಿನಲ್ಲಿ ಹೆಚ್ಚಾಗಿ ಬರುವುದು ಐಜಿಎ. ಅಷ್ಟನ್ನು ಗಟ್ಟಿ ಮಾಡಿಸಿದ. ಅವಳಿಗೆ ಅಲ್ಲಿ ದೊಡ್ಡ ತೊಂದರೆಯೂ ಇರಲಿಲ್ಲ.

ಪ್ರಾಕ್ಟಿಕಲ್ ಮಾತ್ರ ಪರದೆಯ ಮೇಲೆ ಹೇಳಿಕೊಡಲು ಆಗುವಂಥದ್ದಲ್ಲ. ಅವಳ ಸ್ಟ್ರೀಕ್ ಪ್ಲೇಟಿನಲ್ಲಿ (ಮಾದರಿಯನ್ನು ಭಾಗ ಭಾಗವಾಗಿ ಗೀರೆಳೆದು ಹರಡುವ ಪ್ಲೇಟು) ಬಿಡಿ ಕಾಲೊನಿಗಳೇ ಬರುತ್ತಿರಲಿಲ್ಲ. ಫೋಟೋ ನೋಡಿ ಟ್ಯೂಟರ್ ಕೇಳಿದ್ದು ಒಂದೇ ಪ್ರಶ್ನೆ: "ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಲೂಪ್ (ಗೀರೆಳೆಯುವ ತಂತಿ) ಬೆಂಕಿಗೆ ಹಿಡಿದೆಯಾ?" ಹಿಡಿದಿರಲಿಲ್ಲ. ಮೊದಲ ಭಾಗದ ಲಕ್ಷಾಂತರ ಜೀವಿಗಳನ್ನು ಹಾಗೇ ಹೊತ್ತುಕೊಂಡು ಎಲ್ಲ ಕಡೆ ಬಳಿಯುತ್ತಿದ್ದಳು. ಕಾರಣ ಸಿಕ್ಕಿತು. ಆದರೆ ಕೈ ಪಳಗಬೇಕಲ್ಲ. ಅದಕ್ಕೆ ಕಾಲೇಜಿನ ಲ್ಯಾಬೇ ಗತಿ. ಲ್ಯಾಬಿನವರನ್ನು ಕೇಳಿ ಬಿಡುವಿನ ಹೊತ್ತಿನಲ್ಲಿ ನಾಲ್ಕು ಸಲ ಹೋದಳು. ಇನ್ನೂ ನಾಲ್ಕು ಸಲ ಹೋಗಬೇಕಿತ್ತು.

ಎಂಟನೇ ವಾರ ಮುಗಿಯುವಾಗ ಟ್ಯೂಟರ್ ತಾವಾಗಿಯೇ ಹೇಳಿದರು: ಕೊನೆಯ ಎರಡು ಕ್ಲಾಸು ಬೇಡ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಒಬ್ಬಳೇ ಬರೆ, ಸಮಯ ಸಾಲದೆ ಬಿಟ್ಟ 6 ಅಂಕಕ್ಕೆ ನಾನೇನೂ ಮಾಡಲಾರೆ. ಫೀಸು ಕ್ಲಾಸಿಗೆ ಇಷ್ಟು ಅಂತ ಇದ್ದದ್ದರಿಂದ ಇದು ಅವರಿಗೇ ನಷ್ಟ. ಮುಂಗಡ ಕಟ್ಟಿದ್ದರೆ ಈ ಮಾತು ಬರುತ್ತಿತ್ತೋ ಇಲ್ಲವೋ.

ಫಲಿತಾಂಶ

ಥಿಯರಿಯಲ್ಲಿ 67. ಪ್ರಾಕ್ಟಿಕಲ್‌ನಲ್ಲಿ 54, ಸಾಕಷ್ಟೇ. ಈ ಏರಿಕೆಯೆಲ್ಲ ಟ್ಯೂಟರ್‌ದೇ ಅಂತ ನಾನು ಹೇಳಲಾರೆ. ಎರಡನೇ ಸಲ ಓದುತ್ತಿದ್ದಳು, ಬೇರೆ ಪರೀಕ್ಷೆಗಳ ಒತ್ತಡ ಇರಲಿಲ್ಲ, ಲ್ಯಾಬಿಗೂ ಹೋಗಿದ್ದಳು. ಚೀಟಿಗಳೂ ದಂಡವಾಗಲಿಲ್ಲ. ಹೆಸರುಗಳನ್ನು ನೆನಪಿಡಲು ಕೊನೆಯವರೆಗೂ ಬಳಸಿದಳು. ಬಾಣಗಳ ಚಿತ್ರದ ಕೆಳಗೆ ಅವುಗಳ ಜಾಗ ಬದಲಾಗಿತ್ತು ಅಷ್ಟೇ.

ಡೈಲ್ಯೂಷನ್ ಲೆಕ್ಕ ಈ ಸಲವೂ ಬಂದಿತ್ತು. ಹೊರಗೆ ಬಂದವಳೇ ಫೋನ್ ಮಾಡಿ, 0.1 ಮಿಲಿ ಮರೆಯಲಿಲ್ಲ ಅಂದಳು. ಆದರೆ ಮಾದರಿ ದ್ರವವಲ್ಲ, ಒಂದು ಗ್ರಾಂ ಆಹಾರ. ಉತ್ತರವನ್ನು ಗ್ರಾಂಗೆ ಇಷ್ಟು ಅಂತ ಬರೆಯಬೇಕಿತ್ತು. ಅವಳು ಮಿಲಿಗೆ ಅಂತ ಬರೆದು ಬಂದಿದ್ದಳು.

ಎರಡನೇ ಉತ್ತರ ಪತ್ರಿಕೆಯ ನಕಲನ್ನೂ ತರಿಸು, ಉಳಿದ 33 ಎಲ್ಲಿ ಹೋದವು ನೋಡೋಣ ಅಂದೆ. "ಪಾಸಾಯ್ತಲ್ಲ, ಬಿಡು" ಅಂದಳು. ಇನ್ನೂ ತರಿಸಿಲ್ಲ.